ಇಂಜೆಕ್ಟರ್ ಕೆಟ್ಟಿತೋ, ತಂತಿ ಕೈಕೊಟ್ಟಿತೋ? – ರೋಟರಿ ವಿಮಾನ ಎಂಜಿನ್ನಿನ ದೋಷಶೋಧನೆ ಮತ್ತು ವರ್ತಕರ ಲೆಕ್ಕ

2020ರ ಏಪ್ರಿಲ್ 1ರಿಂದ ದೇಶದಲ್ಲಿ ಬಿಎಸ್-6 ಮಾನದಂಡ ಜಾರಿಗೆ ಬಂದ ನಂತರ ವಾಹನಗಳ ಬಿಡಿಭಾಗದ ವ್ಯಾಪಾರದಲ್ಲಿ ದೊಡ್ಡದೊಂದು ಬದಲಾವಣೆಯಾಗಿದೆ. ಹೊಸ ದ್ವಿಚಕ್ರ ವಾಹನಗಳ ಪೈಕಿ ಬಹುತೇಕವು ಕಾರ್ಬ್ಯುರೇಟರನ್ನು ಕೈಬಿಟ್ಟು ಇಂಧನ ಇಂಜೆಕ್ಟರನ್ನು ಅಳವಡಿಸಿಕೊಂಡಿವೆ. ಜೆಟ್, ಫ್ಲೋಟ್, ಸೂಜಿ ಮಾರುತ್ತಿದ್ದ ಅಂಗಡಿಗಳು ಈಗ ಇಂಜೆಕ್ಟರ್, ಸೆನ್ಸರ್, ಕನೆಕ್ಟರ್‌ಗಳನ್ನು ದಾಸ್ತಾನು ಮಾಡುತ್ತಿವೆ. ಹಳೆಯ ಸಾಮಾನಿನಲ್ಲಿ ದೋಷವಿದ್ದರೆ ಕಣ್ಣಿಗೆ ಕಾಣುತ್ತಿತ್ತು; ಹೊಸ ಸಾಮಾನಿನಲ್ಲಿ ಕಾಣುವುದಿಲ್ಲ. ಹೀಗಾಗಿ ಮಾರಾಟವಾದ ಮಾಲು ಹಿಂತಿರುಗುವ ಪ್ರಮಾಣವೂ, ಅದರ ಬಗೆಗಿನ ತಕರಾರೂ ಹೆಚ್ಚಾಗಿವೆ.

ಪಿ.ಜೆ. ಬಡಾವಣೆಯ ನಮ್ಮ ಕಚೇರಿಗೆ ಬರುವ ಬಿಡಿಭಾಗ ವರ್ತಕರ ಲೆಕ್ಕಪತ್ರಗಳಲ್ಲಿ ಇತ್ತೀಚಿನ ವರ್ಷಗಳಲ್ಲಿ ನಾನು ಮತ್ತೆ ಮತ್ತೆ ಕಾಣುತ್ತಿರುವ ಸಂಗತಿಯೊಂದಿದೆ. ವರ್ಷಾಂತ್ಯದ ದಾಸ್ತಾನು ಪಟ್ಟಿಯ ಕೊನೆಯಲ್ಲಿ ‘ಹಿಂತಿರುಗಿದ ಇಂಜೆಕ್ಟರ್’ ಎಂಬ ಸಾಲು ಇರುತ್ತದೆ. ಅದರ ಮುಂದೆ ಒಂದು ಸಂಖ್ಯೆ ಇರುತ್ತದೆ. ಏಕೆ ಹಿಂತಿರುಗಿತು ಎಂಬ ವಿವರ ಇರುವುದಿಲ್ಲ. ತಯಾರಕರಿಗೆ ಕಳುಹಿಸಿದವುಗಳಲ್ಲಿ ಕೆಲವು ‘ದೋಷ ಕಂಡುಬಂದಿಲ್ಲ’ ಎಂಬ ಚೀಟಿಯೊಡನೆ ಮರಳಿ ಬಂದಿರುತ್ತವೆ. ವಾಹನ ಸರಿಯಾಗಿ ಓಡುತ್ತಿರಲಿಲ್ಲ ಎಂಬುದು ನಿಜ. ಇಂಜೆಕ್ಟರ್ ಚೆನ್ನಾಗಿದೆ ಎಂಬುದೂ ನಿಜ. ಹಾಗಾದರೆ ದೋಷವೆಲ್ಲಿತ್ತು? ಅನೇಕ ವೇಳೆ ಅದು ಇಂಜೆಕ್ಟರಿಗೆ ಹೋಗುವ ಎರಡು ತಂತಿಗಳಲ್ಲಿ, ಅವುಗಳ ತುದಿಯ ಕೆಲವೇ ರೂಪಾಯಿ ಬೆಲೆಯ ಲಗ್‌ನಲ್ಲಿ ಇರುತ್ತದೆ.

ಈ ವಿಷಯವನ್ನು ವಿವರಿಸಲು ರೋಟರಿ ವಿಮಾನ ಎಂಜಿನ್ನಿನ ಉದಾಹರಣೆಯನ್ನು ಆರಿಸಿಕೊಂಡಿದ್ದೇನೆ. ರಸ್ತೆಯಲ್ಲಿ ಎಂಜಿನ್ ನಿಂತರೆ ವಾಹನವನ್ನು ಬದಿಗೆ ತಳ್ಳಬಹುದು. ಆಕಾಶದಲ್ಲಿ ಆ ಅವಕಾಶವಿಲ್ಲ. ಆದ್ದರಿಂದ ಅಲ್ಲಿ ಊಹೆಯಿಂದ ಬಿಡಿಭಾಗ ಬದಲಿಸುವ ಪದ್ಧತಿಗೆ ಎಡೆಯಿಲ್ಲ. ದೋಷವನ್ನು ಕ್ರಮವಾಗಿ ಹುಡುಕಿ, ದಾಖಲಿಸಿ, ಆನಂತರವೇ ಬದಲಿಸಬೇಕು. ನಾನು ಎಂಜಿನಿಯರನಲ್ಲ, ವಾಣಿಜ್ಯ ಪದವೀಧರ. ಆದರೆ ಪ್ರತಿ ಅಂಕಿಗೂ ಆಧಾರ ಕೇಳುವುದು ನಮ್ಮ ವೃತ್ತಿಯ ಧರ್ಮವಾದ್ದರಿಂದ ಈ ಕ್ರಮವು ನನಗೆ ಹತ್ತಿರದ್ದೆನಿಸಿದೆ.

ರೋಟರಿ ಎಂಜಿನ್ ಎಂದರೇನು?

ಈ ಹೆಸರು ಎರಡು ಬೇರೆ ಬೇರೆ ಎಂಜಿನ್‌ಗಳಿಗೆ ಬಳಕೆಯಲ್ಲಿದೆ. ಮೊದಲನೆಯ ಮಹಾಯುದ್ಧ ಕಾಲದ ವಿಮಾನಗಳಲ್ಲಿದ್ದ ರೋಟರಿ ಎಂಜಿನ್ನಿನಲ್ಲಿ ಸಿಲಿಂಡರುಗಳೇ ಪ್ರೊಪೆಲ್ಲರಿನೊಡನೆ ತಿರುಗುತ್ತಿದ್ದವು. ಅದು ಬಹಳ ಹಿಂದೆಯೇ ಬಳಕೆಯಿಂದ ಹೋಯಿತು. ಇಂದು ರೋಟರಿ ಎಂದರೆ ಸಾಮಾನ್ಯವಾಗಿ ಜರ್ಮನಿಯ ಫೆಲಿಕ್ಸ್ ವಾಂಕೆಲ್ ಅವರ ಹೆಸರಿನ ಎಂಜಿನ್ ಎಂದೇ ಅರ್ಥ. ಇದರ ಮೊದಲ ಮಾದರಿ ಎನ್‌ಎಸ್‌ಯು ಕಂಪನಿಯಲ್ಲಿ 1957ರಲ್ಲಿ ಚಾಲನೆಗೊಂಡಿತು. ಜಪಾನಿನ ಮಾಜ್ದಾ ಕಂಪನಿ 1967ರಿಂದ ಇದನ್ನು ಕಾರುಗಳಲ್ಲಿ ಬಳಸಿ ಜನಪ್ರಿಯಗೊಳಿಸಿತು.

ವಾಂಕೆಲ್ ಎಂಜಿನ್ನಿನಲ್ಲಿ ಪಿಸ್ಟನ್, ವಾಲ್ವ್ ಇಲ್ಲ. ಮೂರು ಮೂಲೆಗಳ ರೋಟರ್ ಒಂದು ವಿಶಿಷ್ಟ ಆಕಾರದ ಕವಚದೊಳಗೆ ತಿರುಗುತ್ತದೆ. ಮೂರು ಮುಖಗಳಲ್ಲಿ ಹೀರುವಿಕೆ, ಒತ್ತುವಿಕೆ, ದಹನ, ಹೊರಹಾಕುವಿಕೆ ಸರದಿಯಂತೆ ನಡೆಯುತ್ತಲೇ ಇರುತ್ತವೆ. ರೋಟರ್ ಒಂದು ಸುತ್ತು ತಿರುಗುವಷ್ಟರಲ್ಲಿ ಮುಖ್ಯ ಶಾಫ್ಟ್ ಮೂರು ಸುತ್ತು ತಿರುಗುತ್ತದೆ. ಶಾಫ್ಟಿನ ಪ್ರತಿ ಸುತ್ತಿಗೂ ಒಂದೊಂದು ರೋಟರಿನಿಂದ ಒಂದು ದಹನ ದೊರೆಯುತ್ತದೆ. ತೂಕ ಕಡಿಮೆ, ಗಾತ್ರ ಕಡಿಮೆ, ಕಂಪನ ಕಡಿಮೆ. ಈ ಕಾರಣದಿಂದ ಇದು ಚಿಕ್ಕ ವಿಮಾನಗಳಿಗೆ ಮತ್ತು ಮಾನವರಹಿತ ವಿಮಾನಗಳಿಗೆ ಹೊಂದುತ್ತದೆ. ವಿದೇಶಗಳಲ್ಲಿ ಹವ್ಯಾಸಿಗಳು ಸ್ವತಃ ಕಟ್ಟಿಕೊಳ್ಳುವ ವಿಮಾನಗಳಿಗೆ ಮಾಜ್ದಾದ 13ಬಿ ಎಂಬ ಎರಡು ರೋಟರಿನ ಎಂಜಿನ್ನನ್ನು ಅಳವಡಿಸುವುದುಂಟು.

ಇದರ ದೌರ್ಬಲ್ಯವೂ ನಮ್ಮ ವಿಷಯಕ್ಕೆ ಸಂಬಂಧಪಟ್ಟದ್ದೇ. ರೋಟರಿನ ಮೂರು ತುದಿಗಳಲ್ಲಿರುವ ಅಪೆಕ್ಸ್ ಸೀಲ್‌ಗಳೇ ಈ ಎಂಜಿನ್ನಿನ ಪ್ರಾಣ. ಇಂಧನ ಅತಿಯಾಗಿ ಬಿದ್ದರೆ ಅದು ಸೀಲ್ ಬಳಿಯ ಎಣ್ಣೆಯ ಪದರವನ್ನು ತೊಳೆದುಬಿಡುತ್ತದೆ. ಒತ್ತಡ ನಿಲ್ಲದೆ ಎಂಜಿನ್ ಚಾಲೂ ಆಗುವುದಿಲ್ಲ. ಹೆಚ್ಚಿನ ಹೊರೆಯಲ್ಲಿರುವಾಗ ಇಂಧನ ಕಡಿಮೆಯಾದರೆ ದಹನವು ಹತೋಟಿ ತಪ್ಪಿ ಬಡಿತ ಉಂಟಾಗಬಹುದು; ಆ ಬಡಿತಕ್ಕೆ ಸೀಲ್ ಮುರಿಯಬಹುದು. ಅಂದರೆ ಇಂಜೆಕ್ಟರಿನ ತಂತಿಯ ದೋಷ ಹೆಚ್ಚಾದರೂ ಕಷ್ಟ, ಕಡಿಮೆಯಾದರೂ ಕಷ್ಟ.

ಕರ್ನಾಟಕದಲ್ಲಿ ನಡೆದ ಪ್ರಯತ್ನ

ಈ ಎಂಜಿನ್ ನಮಗೆ ದೂರದ್ದಲ್ಲ. ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯ, ಅಂದರೆ ಎನ್‌ಎಎಲ್, 55 ಅಶ್ವಶಕ್ತಿಯ ವಾಂಕೆಲ್ ಎಂಜಿನ್ನನ್ನು ಅಭಿವೃದ್ಧಿಪಡಿಸಿತು. ಇದರ ತೂಕ ಸುಮಾರು 30 ಕಿಲೋಗ್ರಾಂ. ಇದನ್ನು ಉದ್ದೇಶಿಸಿದ್ದು ಬೆಂಗಳೂರಿನಲ್ಲೇ ಇರುವ ಎಡಿಇ ಸಂಸ್ಥೆಯ ‘ನಿಶಾಂತ್’ ಮಾನವರಹಿತ ವಿಮಾನಕ್ಕೆ. ಅಲ್ಲಿಯವರೆಗೆ ನಿಶಾಂತ್ ಆಮದು ಎಂಜಿನ್ನಿನಿಂದ ಹಾರುತ್ತಿತ್ತು. 2009ರಲ್ಲಿ ಕೋಲಾರದ ಬಳಿಯಿಂದ ನಿಶಾಂತ್ ಸ್ವದೇಶಿ ವಾಂಕೆಲ್ ಎಂಜಿನ್ನಿನೊಡನೆ ಮೊದಲ ಬಾರಿಗೆ ಹಾರಿತು.

ಇಲ್ಲಿ ಕೆಲಸ ಹಂಚಿಕೆಯಾದ ರೀತಿ ಗಮನಾರ್ಹ. ಎಂಜಿನ್ನಿನ ತಿರುಳು, ಅದರ ವಿಶೇಷ ಅಲ್ಯೂಮಿನಿಯಂ ಎರಕ, ಕವಚದ ಒಳಮೈಗೆ ನಿಕ್ಕೆಲ್–ಸಿಲಿಕಾನ್ ಕಾರ್ಬೈಡ್ ಲೇಪ, ಇವು ಎನ್‌ಎಎಲ್ ಪಾಲಿಗೆ ಬಂದವು. ಇಗ್ನಿಷನ್ ಮತ್ತು ಇಂಧನ ವ್ಯವಸ್ಥೆ ಮುಂತಾದ ಹೊರ ಅಂಗಗಳನ್ನು ಅಹ್ಮದ್‌ನಗರದ ವಿಆರ್‌ಡಿಇ ಸಂಸ್ಥೆ ರೂಪಿಸಿತು. ನೆಲದ ಮೇಲೆ ದೀರ್ಘ ಕಾಲ ಓಡಿಸಿ ನೋಡಿದ ಮೇಲೆ ಸೇನಾ ವಿಮಾನಗಳ ಅರ್ಹತೆಯನ್ನು ಪರಿಶೀಲಿಸುವ ಸೆಮಿಲ್ಯಾಕ್ ಸಂಸ್ಥೆ ಹಾರಾಟಕ್ಕೆ ತಾತ್ಕಾಲಿಕ ಒಪ್ಪಿಗೆ ನೀಡಿತು. ಮೂರು ಕಡೆಯಿಂದ ಬಂದ ಭಾಗಗಳು ಒಂದುಗೂಡುವ ಸ್ಥಳ ಯಾವುದು? ತಂತಿ, ಕೊಳವೆ ಮತ್ತು ಕನೆಕ್ಟರ್. ಭಾಗಗಳು ಬೇರೆ ಬೇರೆ ಕಡೆಯಿಂದ ಬಂದಷ್ಟೂ ಜೋಡಣೆಯ ಸ್ಥಳದಲ್ಲಿ ಎಚ್ಚರ ಹೆಚ್ಚು ಬೇಕು ಎಂಬುದು ಕಾರ್ಖಾನೆ ನಡೆಸುವ ಎಲ್ಲರಿಗೂ ತಿಳಿದ ಮಾತು.

ಇಂಜೆಕ್ಟರಿಗೆ ಹೋಗುವ ಎರಡು ತಂತಿಗಳು

ಪೆಟ್ರೋಲ್ ಇಂಜೆಕ್ಟರ್ ಎಂಬುದು ವಿದ್ಯುತ್ತಿನಿಂದ ತೆರೆಯುವ ಒಂದು ಚಿಕ್ಕ ನಲ್ಲಿ. ಒಳಗೆ ತಾಮ್ರದ ಸುರುಳಿ ಇದೆ. ಅದರಲ್ಲಿ ವಿದ್ಯುತ್ ಹರಿದಾಗ ಸೂಜಿ ಮೇಲೆದ್ದು ಇಂಧನ ಸಿಂಪಡಣೆಯಾಗುತ್ತದೆ. ವಿದ್ಯುತ್ ನಿಂತಾಗ ಸ್ಪ್ರಿಂಗ್ ಅದನ್ನು ಮುಚ್ಚುತ್ತದೆ.

ಸುರುಳಿಗೆ ಎರಡು ತಂತಿಗಳು. ಒಂದರಲ್ಲಿ ಫ್ಯೂಸ್ ಮತ್ತು ರಿಲೇ ಮೂಲಕ ಬ್ಯಾಟರಿಯ ಧನ ವಿದ್ಯುತ್ ಸದಾ ಬರುತ್ತಿರುತ್ತದೆ. ಇದು ಸಾಮಾನ್ಯವಾಗಿ ಎಲ್ಲ ಇಂಜೆಕ್ಟರುಗಳಿಗೂ ಸಮಾನವಾದ ತಂತಿ. ಇನ್ನೊಂದು ತಂತಿ ಪ್ರತಿ ಇಂಜೆಕ್ಟರಿಗೂ ಪ್ರತ್ಯೇಕ. ಅದು ಎಂಜಿನ್ನಿನ ಗಣಕ ಪೆಟ್ಟಿಗೆಗೆ, ಅಂದರೆ ಇಸಿಯುಗೆ ಹೋಗುತ್ತದೆ. ಇಸಿಯು ಆ ತಂತಿಯನ್ನು ಕೆಲವು ಮಿಲಿಸೆಕೆಂಡ್ ಕಾಲ ಭೂಮಿಗೆ ಜೋಡಿಸಿ ಬಿಡುತ್ತದೆ. ಇಂಧನದ ಅಳತೆ ಎಂದರೆ ಈ ಕಾಲದ ಅಳತೆಯೇ.

ಇಂಜೆಕ್ಷನ್ ಅಳವಡಿಸಿದ ಎರಡು ರೋಟರಿನ ಎಂಜಿನ್ನಿನಲ್ಲಿ ಸಾಮಾನ್ಯವಾಗಿ ನಾಲ್ಕು ಇಂಜೆಕ್ಟರುಗಳು. ಪ್ರತಿ ರೋಟರಿಗೆ ಒಂದು ಪ್ರಾಥಮಿಕ, ಒಂದು ದ್ವಿತೀಯಕ. ಕಡಿಮೆ ಶಕ್ತಿಯಲ್ಲಿ ಪ್ರಾಥಮಿಕವಷ್ಟೇ ಕೆಲಸ ಮಾಡುತ್ತದೆ. ಹೆಚ್ಚು ಶಕ್ತಿ ಬೇಕಾದಾಗ ದ್ವಿತೀಯಕವೂ ಸೇರಿಕೊಳ್ಳುತ್ತದೆ. ಅಪಾಯ ಅಡಗಿರುವುದು ಇಲ್ಲಿಯೇ. ದ್ವಿತೀಯಕ ಇಂಜೆಕ್ಟರಿನ ತಂತಿ ತುಂಡಾಗಿದ್ದರೂ ನೆಲದ ಮೇಲೆ ನಿಧಾನವಾಗಿ ಓಡುವ ಎಂಜಿನ್ ಏನನ್ನೂ ಹೇಳುವುದಿಲ್ಲ. ಮೇಲೇರಲು ಪೂರ್ಣ ಶಕ್ತಿ ಕೇಳಿದ ಕ್ಷಣದಲ್ಲಿ ಇಂಧನ ಸಾಲದೆ ಎಂಜಿನ್ ಸೊರಗುತ್ತದೆ. ಆದ್ದರಿಂದ ದುರಸ್ತಿಯ ನಂತರ ವಿಮಾನವನ್ನು ಭದ್ರವಾಗಿ ಕಟ್ಟಿ, ಪೂರ್ಣ ಶಕ್ತಿಯಲ್ಲಿ ಓಡಿಸಿ ನೋಡದೆ ಹಾರಾಟಕ್ಕೆ ಬಿಡಬಾರದು.

ದುರ್ಬಲ ಜೋಡಣೆಯ ಲೆಕ್ಕ

ತಂತಿ ಪೂರ್ತಿ ತುಂಡಾದರೆ ಪತ್ತೆ ಸುಲಭ. ಅರ್ಧ ಕೆಟ್ಟ ಜೋಡಣೆಯೇ ಕಾಡುವಂಥದು. ಇದನ್ನು ಒಂದು ಸರಳ ಲೆಕ್ಕದಿಂದ ತಿಳಿಯಬಹುದು.

ಸುರುಳಿಯ ರೋಧ 14 ಓಂ, ಎಂಜಿನ್ ಓಡುವಾಗಿನ ವಿದ್ಯುತ್ 14 ವೋಲ್ಟ್ ಎಂದುಕೊಳ್ಳೋಣ. ಹರಿಯುವ ವಿದ್ಯುತ್ 1 ಆಂಪಿಯರ್. ಈಗ ಕನೆಕ್ಟರಿನಲ್ಲಿ ತುಕ್ಕು ಹಿಡಿದು 2 ಓಂ ರೋಧ ಸೇರಿತು. ಒಟ್ಟು 16 ಓಂ; ವಿದ್ಯುತ್ 0.875 ಆಂಪಿಯರಿಗೆ ಇಳಿಯಿತು. ಕನೆಕ್ಟರಿನಲ್ಲೇ 1.75 ವೋಲ್ಟ್ ಸೋರಿಹೋಗಿ ಇಂಜೆಕ್ಟರಿಗೆ 12.25 ವೋಲ್ಟ್ ಮಾತ್ರ ತಲುಪಿತು. ಸೂಜಿ ಮೇಲೇಳುವುದು ತಡವಾಯಿತು.

ತಡದ ಪರಿಣಾಮವೇನು? ಉದಾಹರಣೆಗಾಗಿ, ಸೂಜಿ ಏಳಲು 1 ಮಿಲಿಸೆಕೆಂಡ್ ಬೇಕಿದ್ದದ್ದು 1.3 ಆಯಿತೆನ್ನಿ. ನಿಧಾನಗತಿಯಲ್ಲಿ ಇಸಿಯು 2.5 ಮಿಲಿಸೆಕೆಂಡ್ ಆದೇಶ ಕೊಟ್ಟರೆ, ಇಂಧನ ಹರಿಯುವ ಕಾಲ 1.5ರಿಂದ 1.2ಕ್ಕೆ ಇಳಿಯುತ್ತದೆ, ನೂರಕ್ಕೆ 20 ಕೊರತೆ. ವೇಗದಲ್ಲಿ 8 ಮಿಲಿಸೆಕೆಂಡ್ ಆದೇಶವಿದ್ದಾಗ 7ರಿಂದ 6.7ಕ್ಕೆ ಇಳಿಯುತ್ತದೆ, ನೂರಕ್ಕೆ ಸುಮಾರು 4 ಮಾತ್ರ. ಎಂಜಿನ್ ನಿಂತಲ್ಲಿ ತಡವರಿಸುತ್ತದೆ, ವೇಗದಲ್ಲಿ ಸರಿಹೋದಂತೆ ತೋರುತ್ತದೆ. ‘ಇಂಜೆಕ್ಟರಿನಲ್ಲಿ ಕಸ ಕಟ್ಟಿದೆ’ ಎಂದು ಮೆಕ್ಯಾನಿಕ್ ತೀರ್ಮಾನಿಸುವುದು ಇಂಥ ಸಮಯದಲ್ಲಿ. ಬ್ಯಾಟರಿ ಇಳಿದಿದ್ದರೆ ಇಸಿಯು ತಾನೇ ಕಾಲವನ್ನು ಹೆಚ್ಚಿಸಿ ಸರಿದೂಗಿಸುತ್ತದೆ. ಆದರೆ ಅದು ಅಳೆಯುವುದು ತನ್ನ ಬಳಿಗೆ ಬರುವ ವೋಲ್ಟನ್ನು. ದಾರಿಯಲ್ಲಿನ ಸೋರಿಕೆ ಅದಕ್ಕೆ ತಿಳಿಯದು.

ಲಕ್ಷಣದಿಂದ ದೋಷದೆಡೆಗೆ

ಉಪಕರಣವನ್ನು ಕೈಗೆತ್ತಿಕೊಳ್ಳುವ ಮೊದಲು ಲಕ್ಷಣವನ್ನು ವಿಂಗಡಿಸಿಕೊಂಡರೆ ಅರ್ಧ ಕೆಲಸ ಮುಗಿದಂತೆ.

1. ಎಲ್ಲ ಇಂಜೆಕ್ಟರುಗಳೂ ಒಟ್ಟಿಗೆ ನಿಂತರೆ ದೋಷ ಸಮಾನವಾದ ಕಡೆಯಲ್ಲಿ: ಫ್ಯೂಸ್, ರಿಲೇ, ಮುಖ್ಯ ತಂತಿ, ಇಸಿಯುವಿನ ಭೂಮಿ ಜೋಡಣೆ ಅಥವಾ ವೇಗ ತಿಳಿಸುವ ಸೆನ್ಸರ್. ನಾಲ್ಕು ಇಂಜೆಕ್ಟರುಗಳು ಒಂದೇ ದಿನ ಕೆಡುವುದು ಅಪರೂಪ.

2. ಒಂದೇ ಇಂಜೆಕ್ಟರ್ ನಿಂತರೆ ದೋಷ ಅದರ ಸುರುಳಿ, ಕನೆಕ್ಟರ್, ಪ್ರತ್ಯೇಕ ತಂತಿ ಅಥವಾ ಇಸಿಯುವಿನ ಆ ಒಂದು ಚಾಲಕದಲ್ಲಿ.

3. ಇಂಜೆಕ್ಟರ್ ಮುಚ್ಚದೆ ಇಂಧನ ಸುರಿಯುತ್ತಲೇ ಇದ್ದರೆ ಪ್ರತ್ಯೇಕ ತಂತಿ ಎಲ್ಲೋ ಸವೆದು ಎಂಜಿನ್ ಮೈಗೆ ತಾಗಿರಬಹುದು, ಅಥವಾ ಇಸಿಯು ಚಾಲಕ ಸುಟ್ಟು ಅಂಟಿಕೊಂಡಿರಬಹುದು, ಅಥವಾ ಸೂಜಿಯೇ ಸಿಕ್ಕಿಕೊಂಡಿರಬಹುದು. ಕನೆಕ್ಟರ್ ಕಿತ್ತಾಗ ಸುರಿಯುವುದು ನಿಂತರೆ ದೋಷ ವಿದ್ಯುತ್ತಿನದು, ನಿಲ್ಲದಿದ್ದರೆ ಇಂಜೆಕ್ಟರಿನದು.

4. ಬಿಸಿಯಾದ ಮೇಲೆ ಅಥವಾ ಅಲುಗಾಡಿದಾಗ ಮಾತ್ರ ತೊಂದರೆ ಬಂದರೆ ಲಗ್ ಅಥವಾ ಜೋಡಣೆಯ ಮೇಲೆ ಅನುಮಾನ ಮೊದಲು.

5. ಕಡಿಮೆ ವೇಗದಲ್ಲಿ ಸರಿ, ಪೂರ್ಣ ಶಕ್ತಿಯಲ್ಲಿ ಸೊರಗಿದರೆ ದ್ವಿತೀಯಕ ಇಂಜೆಕ್ಟರುಗಳ ತಂತಿ ಅಥವಾ ಇಂಧನ ಪಂಪಿನ ವಿದ್ಯುತ್ತನ್ನು ನೋಡಬೇಕು.

ಪರೀಕ್ಷೆಯ ಕ್ರಮ

ಮೊದಲು ಸುರಕ್ಷತೆ. ಇಗ್ನಿಷನ್ ಬಿಚ್ಚಿಟ್ಟಿರಬೇಕು, ಇಂಧನದ ಒತ್ತಡ ಇಳಿಸಿರಬೇಕು, ಪ್ರೊಪೆಲ್ಲರ್ ತಿರುಗುವ ವಲಯದಲ್ಲಿ ಯಾರೂ ನಿಲ್ಲಬಾರದು. ಪ್ರಮಾಣೀಕೃತ ನಾಗರಿಕ ವಿಮಾನವಾದರೆ ಡಿಜಿಸಿಎ ಪರವಾನಗಿ ಪಡೆದ ನಿರ್ವಹಣಾ ಎಂಜಿನಿಯರ್ ಮಾತ್ರ ಈ ಕೆಲಸವನ್ನು ಪ್ರಮಾಣೀಕರಿಸಬಹುದು.

ಮೊದಲ ಹಂತ ಕಣ್ಣಿನ ಪರೀಕ್ಷೆ. ತಂತಿ ಬಿಸಿಯಾದ ನಿಷ್ಕಾಸ ಕೊಳವೆಗೆ ಹತ್ತಿರವಿದೆಯೇ, ಚೂಪಾದ ಅಂಚಿಗೆ ಉಜ್ಜುತ್ತಿದೆಯೇ, ಕನೆಕ್ಟರಿನ ಬೀಗ ಕೂತಿದೆಯೇ, ಒಳಗೆ ಹಸಿರು ತುಕ್ಕು ಇದೆಯೇ ಎಂದು ನೋಡಬೇಕು.

ಎರಡನೆಯದು ಸುರುಳಿಯ ರೋಧ. ಕನೆಕ್ಟರ್ ಕಿತ್ತು, ವಿದ್ಯುತ್ ಇಲ್ಲದಿರುವಾಗ, ನಾಲ್ಕೂ ಇಂಜೆಕ್ಟರುಗಳ ಓಂ ಅಳೆಯಬೇಕು. ಒಂದು ಮಾತ್ರ ಉಳಿದವುಗಳಿಗಿಂತ ಬಹಳ ಬೇರೆಯಾಗಿದ್ದರೆ ಆ ಸುರುಳಿಯೇ ಕೆಟ್ಟಿದೆ. ನಾಲ್ಕೂ ಸಮನಾಗಿದ್ದರೆ ಇಂಜೆಕ್ಟರನ್ನು ಅಪರಾಧಿ ಎಂದು ಕರೆಯುವ ಮುನ್ನ ತಂತಿಯ ವಿಚಾರಣೆ ನಡೆಯಬೇಕು.

ಮೂರನೆಯದು ಹೊರೆಯಿಟ್ಟು ಮಾಡುವ ಪರೀಕ್ಷೆ. ಇದು ಇಡೀ ಕ್ರಮದ ಹೃದಯ. ಕಿತ್ತ ಕನೆಕ್ಟರಿಗೆ ಮಲ್ಟಿಮೀಟರ್ ಹಿಡಿದರೆ ಕೆಟ್ಟ ಜೋಡಣೆಯಿದ್ದರೂ ಪೂರ್ಣ 12 ವೋಲ್ಟ್ ತೋರಿಸುತ್ತದೆ. ವಿದ್ಯುತ್ ಹರಿಯದಿರುವಾಗ ಸೋರಿಕೆಯೂ ಇರದು. ಬಳಸದ ಸಾಲದ ಮಿತಿಯನ್ನು ನೋಡಿ ಗಿರಾಕಿಯ ಸಾಮರ್ಥ್ಯವನ್ನು ಅಳೆದಂತೆ ಇದು. ಅದರ ಬದಲು 12 ವೋಲ್ಟ್, 10 ವಾಟ್‌ನ ಬಲ್ಬೊಂದನ್ನು ಧನ ತಂತಿಯ ಪಿನ್ನಿಗೂ ಭೂಮಿಗೂ ನಡುವೆ ಜೋಡಿಸಬೇಕು. ಈ ಬಲ್ಬು ಹೆಚ್ಚುಕಡಿಮೆ ಇಂಜೆಕ್ಟರಿನಷ್ಟೇ ವಿದ್ಯುತ್ ಎಳೆಯುತ್ತದೆ. ಅದು ಉರಿಯುತ್ತಿರುವಾಗ ಬ್ಯಾಟರಿಯ ಧನ ತುದಿಗೂ ಕನೆಕ್ಟರಿನ ಪಿನ್ನಿಗೂ ನಡುವಿನ ವೋಲ್ಟ್ ಅಳೆಯಬೇಕು. ವೋಲ್ಟಿನ ಕೆಲವೇ ದಶಾಂಶವಿದ್ದರೆ ಸರಿ. 1 ವೋಲ್ಟಿನ ಆಸುಪಾಸಿಗೆ ಬಂದರೆ ದಾರಿಯಲ್ಲಿ ಸೋರಿಕೆ ಇದೆ. ಪ್ರತ್ಯೇಕ ತಂತಿಯನ್ನೂ ಹೀಗೆಯೇ ಪರೀಕ್ಷಿಸಬೇಕು. ಆದರೆ ಮೊದಲು ಇಸಿಯು ಕನೆಕ್ಟರನ್ನು ಕಿತ್ತಿಟ್ಟು, ಆ ತುದಿಯನ್ನು ಭೂಮಿಗೆ ಜೋಡಿಸಿ, ಬಲ್ಬನ್ನು ಧನ ವಿದ್ಯುತ್ತಿಗೂ ಇಂಜೆಕ್ಟರ್ ತುದಿಗೂ ನಡುವೆ ಇಡಬೇಕು.

ನಾಲ್ಕನೆಯದು ಅಲುಗಾಡಿಸುವ ಪರೀಕ್ಷೆ. ಬಲ್ಬು ಉರಿಯುತ್ತಿರುವಂತೆಯೇ ತಂತಿಯ ಕಟ್ಟನ್ನು ಗೇಣುಗೇಣಾಗಿ ಬಾಗಿಸುತ್ತಾ ಹೋಗಬೇಕು. ಬಲ್ಬು ಮಿನುಗಿದ ಕಡೆ ದೋಷವಿದೆ.

ಐದನೆಯದು ಇಸಿಯುವಿನ ಆದೇಶ. ಇದಕ್ಕೆಂದೇ ಇರುವ ಪರೀಕ್ಷಾ ದೀಪವನ್ನು ಇಂಜೆಕ್ಟರಿನ ಬದಲಿಗೆ ಸಿಕ್ಕಿಸಿ, ಎಂಜಿನ್ನನ್ನು ಸ್ಟಾರ್ಟರಿನಿಂದ ತಿರುಗಿಸಿದರೆ ಅದು ಮಿನುಗಬೇಕು. ತಂತಿ ಸರಿಯಿದ್ದೂ ದೀಪ ಮಿನುಗದಿದ್ದರೆ ದೋಷ ಇಸಿಯು ಅಥವಾ ಸೆನ್ಸರಿನ ಕಡೆಗೆ ಸರಿಯುತ್ತದೆ.

ಕೊನೆಯದು ಅದಲುಬದಲು. ಒಂದೇ ಬಗೆಯ ಎರಡು ಇಂಜೆಕ್ಟರುಗಳನ್ನು ಸ್ಥಳ ಬದಲಿಸಬೇಕು. ದೋಷ ಇಂಜೆಕ್ಟರಿನ ಜೊತೆಗೆ ಹೋದರೆ ಇಂಜೆಕ್ಟರ್ ಕೆಟ್ಟಿದೆ. ಅದೇ ಸ್ಥಳದಲ್ಲಿ ಉಳಿದರೆ ತಂತಿ ಅಥವಾ ಇಸಿಯು ಕೆಟ್ಟಿದೆ. ಹೊಸ ಸಾಮಾನು ಕೊಳ್ಳುವ ಮಾತು ಇದರ ನಂತರ ಬರತಕ್ಕದ್ದು.

ಒಂದು ಎಚ್ಚರಿಕೆ: ಲಾರಿ, ಕಾರುಗಳ ಕಾಮನ್ ರೈಲ್ ಡೀಸೆಲ್ ಇಂಜೆಕ್ಟರುಗಳಿಗೆ ಈ ಬಲ್ಬಿನ ಪರೀಕ್ಷೆ ಅನ್ವಯಿಸುವುದಿಲ್ಲ. ಅಲ್ಲಿ ಇಸಿಯು ಬ್ಯಾಟರಿಗಿಂತ ಬಹಳ ಹೆಚ್ಚಿನ ವೋಲ್ಟ್ ಕಳುಹಿಸುತ್ತದೆ; ಇಂಧನದ ಒತ್ತಡವೂ 1000 ಬಾರ್ ಮೀರಿರುತ್ತದೆ. ಅದು ತರಬೇತಿ ಪಡೆದವರ ಕೆಲಸ.

ಒಂದೇ ರೂಪ, ಬೇರೆ ಗುಣ

ನೋಡಲು ಒಂದೇ ತೆರನಾದ, ಒಂದೇ ರಂಧ್ರದಲ್ಲಿ ಕೂರುವ ಇಂಜೆಕ್ಟರುಗಳಲ್ಲಿ ಎರಡು ಜಾತಿಗಳಿವೆ. ಒಂದರ ರೋಧ ಸುಮಾರು 12ರಿಂದ 16 ಓಂ. ಇನ್ನೊಂದರದು ಸುಮಾರು 2ರಿಂದ 3 ಓಂ. ಮೊದಲನೆಯದಕ್ಕೆಂದು ರೂಪಿಸಿದ ಇಸಿಯುವಿಗೆ ಎರಡನೆಯದನ್ನು ನೇರವಾಗಿ ಜೋಡಿಸಿದರೆ 1 ಆಂಪಿಯರ್ ಹರಿಯಬೇಕಾದಲ್ಲಿ 2 ಓಂಗೆ 7 ಆಂಪಿಯರ್ ಹರಿಯಲು ಯತ್ನಿಸುತ್ತದೆ; ಇಸಿಯು ಚಾಲಕ ಸುಡುತ್ತದೆ. ‘ಇದೂ ಕೂರುತ್ತದೆ, ತೆಗೆದುಕೊಂಡು ಹೋಗಿ’ ಎಂದು ಕೌಂಟರಿನಲ್ಲಿ ಹೇಳುವ ಒಂದು ಮಾತು ಇಂಜೆಕ್ಟರಿನ ಹಲವು ಪಟ್ಟು ಬೆಲೆಯ ಇಸಿಯುವನ್ನು ಬಲಿ ಕೊಡಬಹುದು. ಪ್ರತಿ ಇಂಜೆಕ್ಟರಿನ ಓಂ ಅಳತೆಯನ್ನು ದಾಸ್ತಾನು ಚೀಟಿಯಲ್ಲಿ ಬರೆದಿಡುವುದು ವರ್ತಕರಿಗೆ ಖರ್ಚಿಲ್ಲದ ವಿಮೆ.

ಲೆಕ್ಕದ ಪುಸ್ತಕ ಹೇಳುವುದೇನು?

ಉದಾಹರಣೆಗೆ ತೆರಿಗೆ ಬಿಟ್ಟು ಇಂಜೆಕ್ಟರಿನ ಕೊಂಡ ಬೆಲೆ 2,550 ರೂಪಾಯಿ, ಮಾರಾಟ ಬೆಲೆ 3,000 ರೂಪಾಯಿ ಎಂದಿಟ್ಟುಕೊಳ್ಳೋಣ. ಲಾಭ 450 ರೂಪಾಯಿ. ಸರಿಯಿರುವ ಒಂದು ಇಂಜೆಕ್ಟರ್ ಹಿಂತಿರುಗಿ, ಹೊಸದೆಂದು ಮಾರಲಾಗದೆ ಉಳಿದರೆ 2,550 ರೂಪಾಯಿ ಸಿಕ್ಕಿಕೊಂಡಿತು. ಅದನ್ನು ತುಂಬಲು ಇನ್ನೂ ಸುಮಾರು 6 ಇಂಜೆಕ್ಟರ್ ಮಾರಬೇಕು. ಸಾಗಣೆ ವೆಚ್ಚ ಇದಕ್ಕೆ ಹೊರತು. ಅರ್ಧ ಗಂಟೆಯ ಪರೀಕ್ಷೆ, ಒಂದು ಬಲ್ಬು, ಒಂದು ಮಲ್ಟಿಮೀಟರ್ ಈ ನಷ್ಟವನ್ನು ತಡೆಯಬಲ್ಲವು. ಮೆಕ್ಯಾನಿಕರು ದೋಷ ಹುಡುಕಿದ್ದಕ್ಕೆ ಪ್ರತ್ಯೇಕ ಮಜೂರಿ ಕೇಳಿದರೆ ಗಿರಾಕಿಗಳು ಗೊಣಗುವುದುಂಟು. ಆದರೆ ಹುಡುಕುವ ಕೆಲಸಕ್ಕೆ ಬೆಲೆಯಿಲ್ಲದ ಕಡೆ ಮೆಕ್ಯಾನಿಕ್ ಸಾಮಾನು ಬದಲಿಸಿಯೇ ಸಂಪಾದಿಸಬೇಕಾಗುತ್ತದೆ. ಅದರ ಹೊರೆ ಕಡೆಗೆ ವರ್ತಕರ ಅಟ್ಟದ ಮೇಲೆ ಬಂದು ಕೂರುತ್ತದೆ.

ವರ್ಷಾಂತ್ಯದಲ್ಲಿ ಇಂಥ ಮಾಲನ್ನು ಕೊಂಡ ಬೆಲೆಯಲ್ಲೇ ತೋರಿಸುವುದು ಸರಿಯಲ್ಲ. ಲೆಕ್ಕ ಮಾನದಂಡ 2ರ ಪ್ರಕಾರ ದಾಸ್ತಾನನ್ನು ಕೊಂಡ ಬೆಲೆ ಮತ್ತು ಮಾರಿದರೆ ನಿವ್ವಳವಾಗಿ ಕೈಗೆ ಬರುವ ಬೆಲೆ, ಇವೆರಡರಲ್ಲಿ ಕಡಿಮೆಯದಕ್ಕೆ ನಿಗದಿಪಡಿಸಬೇಕು. ಸ್ವತಃ ತಯಾರಿಸಿ ವಾರಂಟಿ ಕೊಡುವವರು ಹಿಂದಿನ ವರ್ಷಗಳ ಅನುಭವದ ಮೇಲೆ ವಾರಂಟಿ ನಿಧಿಯನ್ನು ಒದಗಿಸಿಕೊಳ್ಳಬಹುದು. ರೋಟೋರ್ಕ್ ಕಂಟ್ರೋಲ್ಸ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ 2009ರಲ್ಲಿ ನೀಡಿದ ತೀರ್ಪಿನಂತೆ, ಹಿಂದಿನ ದಾಖಲೆಗಳ ಆಧಾರದ ಮೇಲೆ ನಂಬಲರ್ಹವಾಗಿ ಅಂದಾಜಿಸಿದ ಇಂಥ ಮೊತ್ತವು ಆದಾಯ ತೆರಿಗೆಯಲ್ಲಿ ಕಳೆಯಲು ಅರ್ಹ. ಗಮನಿಸಿ: ದಾಖಲೆ ಇಲ್ಲದಿದ್ದರೆ ಅಂದಾಜೂ ಇಲ್ಲ, ರಿಯಾಯಿತಿಯೂ ಇಲ್ಲ.

ಜಿಎಸ್‌ಟಿ ದೃಷ್ಟಿಯಿಂದ

ವಾರಂಟಿ ಬದಲಾವಣೆಯ ಕುರಿತು ಕೇಂದ್ರ ಪರೋಕ್ಷ ತೆರಿಗೆ ಮಂಡಳಿಯು 2023ರ ಜುಲೈ 17ರಂದು 195/07/2023 ಸಂಖ್ಯೆಯ ಸುತ್ತೋಲೆಯಲ್ಲಿ ಸ್ಪಷ್ಟನೆ ನೀಡಿದೆ. ಅದರ ಸಾರ ಹೀಗಿದೆ:

1. ತಯಾರಕರು ವಾರಂಟಿಯಲ್ಲಿ ಪ್ರತ್ಯೇಕ ಹಣ ಪಡೆಯದೆ ಬಿಡಿಭಾಗ ಬದಲಿಸಿಕೊಟ್ಟರೆ ಅದಕ್ಕೆ ಮತ್ತೆ ತೆರಿಗೆ ಇಲ್ಲ. ಹೂಡುವಳಿ ತೆರಿಗೆ ಜಮೆಯನ್ನು ಹಿಂತಿರುಗಿಸಬೇಕಾಗಿಲ್ಲ.

2. ವಿತರಕರು ತಮ್ಮ ದಾಸ್ತಾನಿನಿಂದ ಬದಲಿಸಿಕೊಟ್ಟು ತಯಾರಕರಿಂದ ಹಣ ಪಡೆದರೆ ಅದು ತಯಾರಕರಿಗೆ ಮಾಡಿದ ಪೂರೈಕೆ. ಅದಕ್ಕೆ ವಿತರಕರು ತೆರಿಗೆ ಕಟ್ಟಬೇಕು.

3. ಹಣದ ಬದಲು ತಯಾರಕರು ಅದೇ ಬಿಡಿಭಾಗವನ್ನು ತುಂಬಿಕೊಟ್ಟರೆ ತೆರಿಗೆ ಇಲ್ಲ.

4. ತಯಾರಕರು ಕ್ರೆಡಿಟ್ ನೋಟ್ ಕೊಟ್ಟು ತೆರಿಗೆ ಹೊಂದಿಸಿಕೊಂಡರೆ ವಿತರಕರು ಅಷ್ಟು ಜಮೆಯನ್ನು ಹಿಂತಿರುಗಿಸಬೇಕು.

‘ದೋಷ ಕಂಡುಬಂದಿಲ್ಲ’ ಎಂದು ಮರಳಿದ ಮಾಲು ಇವುಗಳಲ್ಲಿ ಯಾವುದಕ್ಕೂ ಸೇರದು. ಅದನ್ನು ಕಡಿಮೆ ಬೆಲೆಗೆ ಮಾರಿದರೆ ಆ ಬೆಲೆಗೆ ತೆರಿಗೆ ಕಟ್ಟಿದರೆ ಸಾಕು. ಪುಸ್ತಕದಿಂದ ತೆಗೆದುಹಾಕಿದರೆ ಮಾತ್ರ ಕಾಯಿದೆಯ 17(5)(ಎಚ್) ಕಲಮಿನಂತೆ ಪಡೆದಿದ್ದ ಜಮೆಯನ್ನು ಹಿಂತಿರುಗಿಸಬೇಕಾಗುತ್ತದೆ. ಅಂದರೆ ಮಾಲಿನ ಬೆಲೆಯ ಜೊತೆಗೆ ತೆರಿಗೆಯೂ ನಷ್ಟ. ಪರೀಕ್ಷೆಗೆಂದು ಮಾಲು ಕಳುಹಿಸುವಾಗ ಡೆಲಿವರಿ ಚಲನ್ ತಪ್ಪದೆ ಬರೆಯಬೇಕು. ಚಲನ್ ಇಲ್ಲದೆ ಹೋದ ಮಾಲು ಪರಿಶೀಲನೆಯ ವೇಳೆ ಲೆಕ್ಕಕ್ಕೆ ಸಿಗದ ಮಾರಾಟದಂತೆ ಕಾಣುತ್ತದೆ.

ಹಿಂತಿರುಗುವ ಮಾಲಿಗೆ ಒಂದು ಚೀಟಿ

ಇಂಜೆಕ್ಟರ್ ಮರಳಿ ತಂದವರಿಂದ ಈ ವಿವರಗಳನ್ನು ಬರೆಸಿಕೊಳ್ಳುವ ಪದ್ಧತಿಯನ್ನು ಸದಸ್ಯರು ಆರಂಭಿಸಬಹುದು: ಬಿಲ್ ಸಂಖ್ಯೆ ಮತ್ತು ದಿನಾಂಕ, ವಾಹನದ ಮಾದರಿ, ತೊಂದರೆಯ ಲಕ್ಷಣ, ಹಳೆಯ ಮತ್ತು ಹೊಸ ಇಂಜೆಕ್ಟರಿನ ಓಂ ಅಳತೆ, ಬಲ್ಬಿನ ಪರೀಕ್ಷೆಯಲ್ಲಿ ಕಂಡ ವೋಲ್ಟ್ ಸೋರಿಕೆ, ಅದಲುಬದಲಿನ ಫಲಿತಾಂಶ, ಮೆಕ್ಯಾನಿಕರ ಸಹಿ. ಏಳು ಸಾಲಿನ ಈ ಚೀಟಿ ಒಂದೇ ಸಲಕ್ಕೆ ಮೂರು ಕೆಲಸ ಮಾಡುತ್ತದೆ. ಪರೀಕ್ಷಿಸದೆ ಮಾಲು ತರುವುದನ್ನು ತಡೆಯುತ್ತದೆ. ತಯಾರಕರ ಮುಂದೆ ಕ್ಲೇಮಿಗೆ ಬಲ ಕೊಡುತ್ತದೆ. ತೆರಿಗೆ ಅಧಿಕಾರಿಗಳ ಮುಂದೆ ಆಧಾರವಾಗುತ್ತದೆ.

ಕಿರು ತಯಾರಕರಿಗೆ ಒಂದು ಮಾತು

ಹರಿಹರದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯ ಲೇತುಗಳು ಒಂದು ಕಾಲಕ್ಕೆ ದೇಶದಾದ್ಯಂತ ಹೆಸರಾಗಿದ್ದವು. ಕಾರ್ಖಾನೆ ಮುಚ್ಚಿದರೂ ಅಳತೆಯ ಶಿಸ್ತನ್ನು ಅಲ್ಲಿ ಕಲಿತ ಪರಂಪರೆ ಈ ಭಾಗದಲ್ಲಿದೆ. ವಿಮಾನದ ತಂತಿ ಕಟ್ಟು, ಲಗ್, ಕ್ಲಾಂಪ್‌ಗಳ ತಯಾರಿಕೆಗೆ ಭಾರಿ ಯಂತ್ರಗಳಿಗಿಂತ ಹೆಚ್ಚಾಗಿ ಬೇಕಾಗಿರುವುದು ಈ ಶಿಸ್ತೇ. ಲಗ್ಗನ್ನು ಇಕ್ಕಳದಿಂದ ಒತ್ತುವಂತಿಲ್ಲ. ಅಳತೆ ಪರೀಕ್ಷಿಸಿದ ಉಪಕರಣದಿಂದಲೇ ಒತ್ತಬೇಕು. ಕಂಪನವಿರುವ ಕಡೆ ಬೆಸುಗೆ ಹಾಕಿದ ತಂತಿ ಬೆಸುಗೆಯ ಅಂಚಿನಲ್ಲಿ ಮುರಿಯುವ ಸಂಭವ ಹೆಚ್ಚಾದ್ದರಿಂದ ವಿಮಾನಗಳಲ್ಲಿ ಒತ್ತಿದ ಲಗ್ಗಿಗೇ ಪ್ರಾಶಸ್ತ್ಯ. ಪ್ರತಿ ತಂತಿಗೂ ಗುರುತಿನ ಸಂಖ್ಯೆ ಇರಬೇಕು. ಯಾವ ತಂತಿಯ ಸುರುಳಿಯಿಂದ, ಯಾವ ಲಗ್ಗಿನ ಪೊಟ್ಟಣದಿಂದ, ಯಾರ ಕೈಯಿಂದ ಅದು ತಯಾರಾಯಿತು ಎಂಬುದನ್ನು ವರ್ಷಗಳ ನಂತರವೂ ಹೇಳಲು ಬರಬೇಕು. ಈ ಕ್ಷೇತ್ರದ ಗುಣಮಟ್ಟ ಪ್ರಮಾಣಪತ್ರವಾದ ಎಎಸ್ 9100 ಕೇಳುವುದರಲ್ಲಿ ಮುಖ್ಯವಾದದ್ದು ಇದೇ.

ಬೆಂಗಳೂರು, ಬೆಳಗಾವಿ, ತುಮಕೂರುಗಳಲ್ಲಿ ವಿಮಾನೋದ್ಯಮ ಬೆಳೆದಿದೆ. ಆ ಮೂರೂ ಊರುಗಳಿಗೆ ನಮ್ಮಿಂದ ಒಂದೇ ಹೆದ್ದಾರಿ. ಪ್ರಮಾಣಪತ್ರಕ್ಕೆ ಹಣ ಹೂಡುವ ಮೊದಲು ಗಿರಾಕಿಯ ಲಿಖಿತ ಆಸಕ್ತಿಯನ್ನು ಪಡೆಯುವುದು, ಹಾಗೂ ಆದೇಶ ದೊರೆಯುವವರೆಗಿನ ಒಂದೆರಡು ವರ್ಷಗಳ ವೆಚ್ಚಕ್ಕೆ ಸಿದ್ಧತೆ ಮಾಡಿಕೊಳ್ಳುವುದು ಜಾಣತನ. ಅಲ್ಲಿಯವರೆಗೆ ದ್ವಿಚಕ್ರ ವಾಹನಗಳ ತಂತಿ ಕಟ್ಟಿಗೇ ಅದೇ ಶಿಸ್ತನ್ನು ಅನ್ವಯಿಸಿದರೂ ಹಿಂತಿರುಗುವ ಮಾಲು ಕಡಿಮೆಯಾಗುವುದು ನಿಶ್ಚಿತ.

ಹೊಸ ಆರ್ಥಿಕ ವರ್ಷದ ದಾಸ್ತಾನು ಪಟ್ಟಿ ತೆರೆಯುವಾಗ ಹಿಂತಿರುಗಿದ ವಿದ್ಯುತ್ ಬಿಡಿಭಾಗಗಳಿಗೆ ಪ್ರತ್ಯೇಕ ಖಾತೆಯೊಂದನ್ನು ತೆರೆದು, ಮೇಲಿನ ಚೀಟಿಯನ್ನು ಅದಕ್ಕೆ ಆಧಾರವಾಗಿ ಲಗತ್ತಿಸುವ ಕ್ರಮವನ್ನು ಸದಸ್ಯ ಬಂಧುಗಳು ಜಾರಿಗೆ ತರಬೇಕೆಂದು ಸೂಚಿಸುತ್ತೇನೆ. ಮೂರು ತಿಂಗಳ ಚೀಟಿಗಳನ್ನು ಒಟ್ಟಿಗೆ ಹರಡಿಕೊಂಡು ನೋಡಿದರೆ ದೋಷ ಮಾಲಿನದೋ, ತಂತಿಯದೋ, ನಮ್ಮ ಮಾರಾಟ ಪದ್ಧತಿಯದೋ ಎಂಬುದು ತಾನಾಗಿಯೇ ತಿಳಿಯುತ್ತದೆ.